ಒಬ್ಬಳೇ ಬಂದದ್ದಾ?

ಡಿಗ್ರಿಯ ಕೊನೆಯ ಸೆಮಿಸ್ಟರ್ ಶುರುವಾದದ್ದು ಶಿರಸಿ ಸೀಮೆಯಲ್ಲಿ ವಿದ್ಯಾರ್ಥಿಗಿಂತ ಮೊದಲು ನೆಂಟರಿಗೆ ಗೊತ್ತಾಗುತ್ತದೆ. ಅಲ್ಲಿಯತನಕ "ಓದು ಹೇಗೆ ನಡೆದಿದೆ?" ಎಂದು ಬಾಯಿಮಾತಿಗೆ ಕೇಳಿ, ಉತ್ತರಕ್ಕೂ ಕಾಯದೆ ಅಡಿಕೆ ದರದ ಕಡೆ ಹೊರಳುತ್ತಿದ್ದವರು ಈಗ ಕವಳದ ಬಟ್ಟಲನ್ನು ಹತ್ತಿರ ಎಳೆದುಕೊಂಡು ಸಾವಕಾಶವಾಗಿ ಕೇಳುತ್ತಾರೆ: "ಮುಂದೆ ಎಂತ?" ಪ್ರಶ್ನೆ ಕೇಳಿದವರ ಹತ್ತಿರವೇ ಉತ್ತರವೂ ತಯಾರಿರುತ್ತದೆ. ದೊಡ್ಡಪ್ಪನ ಉತ್ತರ ಬಿ.ಎಡ್., ಅತ್ತೆಯದು ಬ್ಯಾಂಕ್ ಪರೀಕ್ಷೆ, ಬೆಂಗಳೂರಿನ ಭಾವನದು ಹೆಸರು ಹೇಳಿದರೂ ಅರ್ಥವಾಗದ ಒಂದು ಕೋರ್ಸು. ಅಜ್ಜಿಗೆ ಇವು ಯಾವುದರ ಗೊಡವೆಯೂ ಇಲ್ಲ, ನನ್ನ ಜಾತಕ ಎಲ್ಲಿದೆ ಎಂದಷ್ಟೇ ಕೇಳುತ್ತಾಳೆ. ಸಾಲದ್ದಕ್ಕೆ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆ ಇದೇ ಸೆಮಿಸ್ಟರಿಗೆ ಬಂದು ಬಿದ್ದಿತು. ಜಾತ್ರೆಗೆಂದು ಬಂದ ನೆಂಟರೆಲ್ಲ ತೊಟ್ಟಿಲು ಹತ್ತುವ ಮೊದಲು ನಮ್ಮ ಮನೆ ಹತ್ತಿ, ನನ್ನನ್ನು ಒಂದು ಸುತ್ತು ತಿರುಗಿಸಿ ಇಳಿಸಿ ಹೋದರು.

ನನಗೆ ಗುಡ್ಡದ ಹುಚ್ಚು ಹತ್ತಿದ್ದು ಹೀಗೆ. ಬೇರೆಯವರು ಪ್ರಕೃತಿಯನ್ನು ಹುಡುಕಿಕೊಂಡು ಚಾರಣಕ್ಕೆ ಹೋಗುತ್ತಾರಂತೆ. ನಮ್ಮ ಮನೆಯ ಹಿತ್ತಿಲಿನಲ್ಲೇ ಸೊಪ್ಪಿನ ಬೆಟ್ಟ ಇರುವಾಗ ಪ್ರಕೃತಿಗೆ ಬರವಿಲ್ಲ. ನನಗೆ ಬೇಕಾಗಿದ್ದದ್ದು ಮನುಷ್ಯರಿಲ್ಲದ ಒಂದು ಮಧ್ಯಾಹ್ನ.

ಒಬ್ಬಳೇ ಹೋಗುತ್ತೇನೆ ಎಂದಾಗ ಆಯಿ ಹುಲಿಗೂ ಹೆದರಲಿಲ್ಲ, ಕಳ್ಳರಿಗೂ ಹೆದರಲಿಲ್ಲ. ಹೆದರಿದ್ದು ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಕಡೆಗೂ ಹೊಸದಲ್ಲ. ಅದನ್ನು ಹರಡುವ ಉಣುಗಿನ ಹಂಗಾಮೂ ಕೊನೆಯ ಸೆಮಿಸ್ಟರಿನ ಹಂಗಾಮೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಬಳಿದುಕೊಳ್ಳದೆ ಹೊಸಿಲು ದಾಟುವಂತಿಲ್ಲ. ಆಯಿಯ ಕೈ ಸ್ವಲ್ಪ ಧಾರಾಳ. ಮೊಬೈಲ್ ಪರದೆ ನನ್ನ ಬೆರಳನ್ನು ಗುರುತಿಸಲು ಒಪ್ಪಲಿಲ್ಲ. ಚೀಲದಲ್ಲಿದ್ದ ಪ್ರಾಜೆಕ್ಟ್ ಸಿನಾಪ್ಸಿಸ್‌ನ 'ಉದ್ದೇಶಗಳು' ಎಂಬ ಪುಟ ಎಣ್ಣೆ ಕುಡಿದು ಪಾರದರ್ಶಕವಾಗಿ, ಅದರ ಹಿಂದಿನ 'ಉಪಸಂಹಾರ' ನೇರವಾಗಿ ಕಾಣತೊಡಗಿತು. ನಡುವೆ ಬೇರೇನೂ ಇಲ್ಲ ಎಂಬುದು ಯಾರಿಗಾದರೂ ಗೊತ್ತಾಗುವಂತಿತ್ತು.

ಮೊದಲು ಹೋದದ್ದು ಯಾಣಕ್ಕೆ. "ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ" ಎಂಬುದು ಅಜ್ಜನ ಕಾಲದ ಮಾತು. ಆಗ ಯಾಣ ಮುಟ್ಟಬೇಕಾದರೆ ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ನಡೆಯುವ ಸೊಕ್ಕು ಬೇಕಿತ್ತು. ಈಗ ಬಂಡೆಯ ಸಮೀಪದವರೆಗೆ ಕಾರು ಹೋಗುತ್ತದೆ, ಸೊಕ್ಕು ಐಚ್ಛಿಕ ವಿಷಯವಾಗಿದೆ. ನಾನು ಆರಿಸಿಕೊಂಡ ದಿನವಾದರೂ ಶಿವರಾತ್ರಿಯ ಆಸುಪಾಸು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಜನವೋ ಜನ, ಅದರಲ್ಲಿ ಅರ್ಧ ಜನ ನಮ್ಮ ಕೇರಿಯವರು. ಭಸ್ಮಾಸುರನಿಗೆ ವರ ಕೊಟ್ಟ ಶಿವ ಅವನಿಂದಲೇ ತಪ್ಪಿಸಿಕೊಂಡು ಓಡಿಬಂದ ಜಾಗ ಇದು ಎನ್ನುತ್ತಾರೆ. ನಾನು ಓಡಿಬಂದದ್ದೂ ವರನ ದೆಸೆಯಿಂದಲೇ. ಆದರೆ ಶಿವನನ್ನು ಪಾರು ಮಾಡಲು ಮೋಹಿನಿ ಬಂದಳು, ನನ್ನೆದುರಿಗೆ ಬಂದದ್ದು ಹುಲೇಕಲ್ ರಸ್ತೆಯ ಸಣ್ಣತ್ತೆ. ಅವರು ಬಂಡೆಯ ಸಂದಿನಲ್ಲಿ, ನಾನು ಹಿಂದಕ್ಕೂ ಮುಂದಕ್ಕೂ ಸರಿಯಲಾಗದಂಥ ಜಾಗದಲ್ಲಿ ಹಿಡಿದು ನಿಲ್ಲಿಸಿ ಕೇಳಿದರು: "ಕೂಸೇ, ಒಬ್ಬಳೇ ಬಂದದ್ದಾ?"

ಈ ಪ್ರಶ್ನೆಗೆ ಸರಿಯುತ್ತರ ಎಂಬುದಿಲ್ಲ. ಹೌದು ಎಂದರೆ ಮನೆಯಲ್ಲಿ ಜಗಳವಾಗಿದೆ ಎಂದಾಗುತ್ತದೆ. ಇಲ್ಲ ಎಂದರೆ ಅತ್ತೆಯ ಕಣ್ಣು ನನ್ನ ಬೆನ್ನ ಹಿಂದೆ ಹುಡುಗನನ್ನು ಹುಡುಕುತ್ತದೆ.

ಆಮೇಲೆ ಸಿದ್ದಾಪುರ ಕಡೆಯ ಉಂಚಳ್ಳಿ ಜಲಪಾತಕ್ಕೆ ಹೊರಟೆ. ಹೆಗ್ಗರಣಿ ದಾಟಿದ ಮೇಲೆ ಕಾಡುದಾರಿ. ದಾರಿಬದಿಯ ಒಂದು ಮನೆಯ ಅಂಗಳದಲ್ಲಿ ಅಡಿಕೆ ಹರವಿಕೊಂಡು ಕುಳಿತಿದ್ದ ಅಮ್ಮ "ಆಸರಿಗೆ ಎಂತ ಬೇಕು?" ಎಂದರು. ನಮ್ಮ ಕಡೆ ಇದಕ್ಕೆ "ಏನೂ ಬೇಡ" ಎನ್ನುವಷ್ಟು ಧೈರ್ಯ ಯಾರಿಗೂ ಇಲ್ಲ. ಕೊತ್ತಂಬರಿ, ಜೀರಿಗೆ ಹುರಿದು ಕುಟ್ಟಿದ ಪುಡಿಗೆ ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿದ ಕಷಾಯ ಬಂತು. ಲೋಟ ತುಟಿಗೆ ತಾಗಿಸಲಾರದಷ್ಟು ಬಿಸಿ. ಅದು ಆರುವುದರೊಳಗೆ ಯಾರ ಮನೆಯ ಕೂಸು, ತೋಟ ಎಷ್ಟು, ಅಮ್ಮನ ತವರು ಎಲ್ಲಿ ಎಂಬುದೆಲ್ಲ ಹೊರಬಿದ್ದು, ತವರಿನ ಕಡೆಯಿಂದ ಅವರು ನನಗೆ ದೊಡ್ಡಮ್ಮನಾಗಬೇಕು ಎಂಬುದು ಸಾಬೀತಾಯಿತು. ದೊಡ್ಡಮ್ಮನಾದ ಕೂಡಲೇ "ಮುಂದೆ ಎಂತ?" ಎಂದರು.

ಎದ್ದು ಹೊರಟವಳ ಹಿಂದೆ ಅವರ ನಾಯಿ ಹೊರಟಿತು. ಗದರಿಸಿದೆ, ಬಾಲ ಆಡಿಸಿತು. ಕಲ್ಲು ಎತ್ತಿದ ಹಾಗೆ ಮಾಡಿದೆ, ಆಟವೆಂದು ತಿಳಿದು ಮುಂದೆ ಓಡಿ ಕಾದು ನಿಂತಿತು. ಬಿಸ್ಕೆಟ್ ಕೊಟ್ಟು ಬೀಳ್ಕೊಡೋಣ ಎಂದುಕೊಂಡದ್ದರಿಂದ ನಮ್ಮ ನಂಟು ಇನ್ನೂ ಗಟ್ಟಿಯಾಯಿತು. ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುವ ಆ ಕಣಿವೆಯೆದುರು ಅದು ನನಗಿಂತ ಮೊದಲು ತಲುಪಿ ಒಳ್ಳೆಯ ಜಾಗ ಹಿಡಿದು ಕುಳಿತಿತ್ತು. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿಗೆ ಬಂದು, ಸುತ್ತಲಿನವರು ಯಾವಾಗಿನಿಂದಲೋ ನೋಡುತ್ತಿದ್ದ ಜಲಪಾತವನ್ನು ತಾನು ಪತ್ತೆಹಚ್ಚಿದನಂತೆ. ಅವನ ಹೆಸರೂ ಇದಕ್ಕೆ ಅಂಟಿಕೊಂಡಿತು. "ಒಬ್ಬನೇ ಬಂದದ್ದಾ?" ಎಂದು ಅವನನ್ನು ಯಾರೂ ಕೇಳಿದಂತಿಲ್ಲ. ಜನ ಇದನ್ನು ಕೆಪ್ಪ ಜೋಗ ಎನ್ನುತ್ತಾರೆ. ಮಳೆಗಾಲದಲ್ಲಿ ನೀರಿನ ಆರ್ಭಟಕ್ಕೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಅದನ್ನೇ ನೆಚ್ಚಿ ಬಂದಿದ್ದೆ. ಆದರೆ ಬೇಸಿಗೆ ಮುಟ್ಟುವ ಹೊತ್ತಿಗೆ ನೀರು ಬಡವಾಗಿರುತ್ತದೆ. ಮೆಟ್ಟಿಲಿನ ಮೇಲಿಂದ ಕೂಗಿದ ದನಿ ಸ್ಪಷ್ಟವಾಗಿ ಕೇಳಿಸಿತು: "ತಂಗೀ, ಆ ನಮ್ಮನೆ ನಾಯಿಯನ್ನು ಎಲ್ಲಿಗೆ ಕರೆದುಕೊಂಡು ಹೋದೆ?"

ಕಾಡಿನ ಸಹವಾಸ ಸಾಕಾಗಿ ಸಮುದ್ರದ ಕಡೆ ತಿರುಗಿದೆ. ಅದಕ್ಕೆ ಸರಿಯಾಗಿ ಒಂದು ಶುಕ್ರವಾರ ಪ್ರಾಜೆಕ್ಟ್ ಪರಿಶೀಲನೆ ಮುಂದಕ್ಕೆ ಹೋಯಿತು. ಗೈಡ್ ಸರ್ ಕಾರವಾರಕ್ಕೆ ಓಓಡಿ ಮೇಲೆ, ಅಂದರೆ ಕಾಲೇಜಿನ ಹೊರಗಿನ ಕರ್ತವ್ಯದ ಮೇಲೆ, ಹೋಗಿದ್ದಾರೆ ಎಂದು ವಿಭಾಗದ ಬಾಗಿಲಲ್ಲಿ ಚೀಟಿ ಅಂಟಿಸಿತ್ತು. ನಾನು ದೇವಿಮನೆ ಘಟ್ಟ ಇಳಿಯುವ ಕುಮಟಾ ಬಸ್ಸು ಹತ್ತಿ, ಅಲ್ಲಿಂದ ಗೋಕರ್ಣ ಸೇರಿದೆ. ರೊಕ್ಕವಿಲ್ಲದವರೂ ಗೋಕರ್ಣಕ್ಕೆ ಹೋಗಬಹುದು, ಕಾಲು ಇದ್ದರಾಯಿತು. ಕುಡ್ಲೆ, ಓಂ ಬೀಚುಗಳನ್ನು ದಾಟಿ, ಗುಡ್ಡದಂಚಿನ ಕಾಲುದಾರಿಯಲ್ಲಿ ಹಾಫ್ ಮೂನ್ ಬೀಚಿನತ್ತ ನಡೆದೆ. ಅಲ್ಲಿಗೆ ಕಾರು ಹೋಗುವುದಿಲ್ಲ. ನಡೆಯಬೇಕು, ಇಲ್ಲವೇ ದೋಣಿಯಲ್ಲಿ ಬರಬೇಕು. ಕಾರು ಹೋಗದ ಕಡೆ ನಮ್ಮ ನೆಂಟರು ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಬೆನ್ನಿಗೆ ತಮ್ಮಷ್ಟೇ ದೊಡ್ಡ ಚೀಲ ಹೊತ್ತ ಪರವೂರಿನವರು. ಯಾರಿಗೂ ನನ್ನ ಅಮ್ಮನ ತವರಿನ ಗೊಡವೆ ಇರಲಿಲ್ಲ. ಪರಮಸುಖ ಎಂದುಕೊಂಡು ಒಂದು ತಿರುವು ತಿರುಗಿದೆ.

ಎದುರಿನಿಂದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬೂಟುಗಳನ್ನು ಲೇಸಿನಿಂದ ಕೊರಳಿಗೆ ತೂಗುಹಾಕಿಕೊಂಡು, ಒಂದು ಕೈಯಲ್ಲಿ ಸೌತೆಕಾಯಿ ಹಿಡಿದು ಗೈಡ್ ಸರ್ ಬರುತ್ತಿದ್ದರು.

ಒಬ್ಬರು ನಿಂತರೆ ಮಾತ್ರ ಇನ್ನೊಬ್ಬರು ದಾಟಬಹುದಾದ ದಾರಿ. ಎಡಕ್ಕೆ ಗುಡ್ಡ, ಬಲಕ್ಕೆ ಅರಬ್ಬೀ ಸಮುದ್ರ. ಕಾಣದ ಹಾಗೆ ಹೋಗುವ ಸಾಧ್ಯತೆಯನ್ನು ಇಬ್ಬರೂ ಪ್ರಾಮಾಣಿಕವಾಗಿ ಪರಿಶೀಲಿಸಿ ಕೈಬಿಟ್ಟೆವು. ಸರ್ ಮೊದಲು ಚೇತರಿಸಿಕೊಂಡರು.

"ಏನಮ್ಮಾ, ಒಬ್ಬಳೇ ಬಂದದ್ದಾ?"

"ಹೌದು ಸರ್. ಕಾರವಾರದ ಕೆಲಸ ಮುಗಿಯಿತಾ ಸರ್?"

ಅವರು ಸೌತೆಕಾಯಿಯ ಕಡೆ ನೋಡಿದರು. ಉಪ್ಪುಖಾರ ಹಚ್ಚಿದ ಸೌತೆಕಾಯಿ, ಇನ್ನೂ ಕಚ್ಚಿರಲಿಲ್ಲ. ಅದನ್ನು ಮುರಿದು ಅರ್ಧ ನನಗೆ ಕೊಟ್ಟರು. "ಬಿಸಿಲು ಜಾಸ್ತಿ, ನೀರು ಕುಡಿಯುತ್ತಿರು" ಎಂದು ಹೇಳಿ ದಾಟಿ ಹೋದರು.

ಸೋಮವಾರ ಸಿನಾಪ್ಸಿಸ್ ಒಯ್ದು ಅವರ ಮೇಜಿನ ಮೇಲಿಟ್ಟೆ. ಒಂದು ಪುಟವನ್ನೂ ತಿರುವದೆ ಸಹಿ ಹಾಕಿದರು. ನಾನೂ ಈ ವಿಷಯವನ್ನು ಇದುವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ಬರೆದಿದ್ದೇನೆ ಅಷ್ಟೇ.