ಐದನೆಯವಳೂ ಮುಖ್ಯ

ಗುಡ್ಡಗಾಡು ಓಟದ ಹೈಸ್ಕೂಲ್ ಮಕ್ಕಳಿಗೆ ದಿನಾ ವೇಗದ ಓಟ ಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ ಸರ್. ಬೆಳೆಯುವ ಮೂಳೆಗೆ ಅದು ಜಾಸ್ತಿಯಾಗುತ್ತದೆ. ವಾರದಲ್ಲಿ ಎರಡು ದಿನ ಜೋರು ಸಾಕು. ಉಳಿದ ದಿನ ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ.

ಓಡುವಾಗ ಮನಸ್ಸನ್ನು ಗಟ್ಟಿ ಇಟ್ಟುಕೊಳ್ಳುವ ವಿಷಯವನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದು ಬೇಸರವಾಯಿತು. ಅಮೆರಿಕದ ಶಾಲೆಗಳಲ್ಲಿ ನೋಡಿ: ಸಾಮಾನ್ಯವಾಗಿ 5 ಕಿ.ಮೀ. ಓಟ, ತಂಡಕ್ಕೆ 7 ಜನ. ತಂಡದಲ್ಲಿ ಮೊದಲು ಗುರಿ ಮುಟ್ಟಿದ 5 ಜನರ ಸ್ಥಾನ ಕೂಡಿಸಿ, ಮೊತ್ತ ಕಡಿಮೆ ಬಂದ ತಂಡಕ್ಕೆ ಗೆಲುವು. ಅಂದರೆ ಐದನೆಯವಳು ಕೊನೇ ಏರಿನಲ್ಲಿ ಇಬ್ಬರನ್ನು ಹಿಂದೆ ಹಾಕಿದರೂ ತಂಡಕ್ಕೆ ಲಾಭ. ಇದು ಗೊತ್ತಿರುವ ಹುಡುಗಿ ಅರ್ಧದಲ್ಲಿ ಕೈಚೆಲ್ಲುವುದಿಲ್ಲ. ವಾಚ್ ಬಿಟ್ಟು ಮುಂದಿನವಳ ಬೆನ್ನು ನೋಡು ಅಂತ ಹೇಳಿಕೊಡಿ. ಕೆಸರು, ಏರು ಇರುವ ದಾರಿಯಲ್ಲಿ ಸುಮ್ನೆ ನಿಮಿಷ ಲೆಕ್ಕ ಹಾಕಿ ಏನು ಪ್ರಯೋಜನ, ಅಲ್ವಾ?