ಸತ್ಯಾಂಶ: ಬ್ರೇಕ್ ಲೈಟಿನ ಬಲ್ಬ್ ಮನೆಯಲ್ಲೇ ಬದಲಿಸಿದರೆ ಕಾರು ಕೆಡುತ್ತದೆಯೇ?

‘ಬ್ರೇಕ್ ಲೈಟಿನ ಬಲ್ಬನ್ನು ಮನೆಯಲ್ಲಿ ಬದಲಿಸಿದರೆ ಕಾರಿನ ಕಂಪ್ಯೂಟರ್ ಸುಟ್ಟುಹೋಗುತ್ತದೆ’ ಎಂಬ ವಾಟ್ಸಾಪ್ ಸಂದೇಶ ಕುಂಬಳೆ, ಮಂಜೇಶ್ವರದ ಕಡೆ ಓಡಾಡುತ್ತಿದೆ. ಇದು ನಿಜವಲ್ಲ. ಲೈಟು ಪೂರ್ತಿ ಎಲ್‌ಇಡಿ ಆಗಿದ್ದರೆ ಮಾತ್ರ ಬದಲಿಸಲು ಬಲ್ಬೇ ಇರುವುದಿಲ್ಲ. ಆಗ ವರ್ಕ್‌ಶಾಪೇ ಗತಿ.

ಕೆಲಸ ಕೆಡುವುದು ತಪ್ಪು ಬಲ್ಬಿನಿಂದ. ಹಲವು ಕಾರುಗಳಲ್ಲಿ ಬ್ರೇಕಿಗೂ ಹಿಂದಿನ ದೀಪಕ್ಕೂ 12 ವೋಲ್ಟಿನ ಪಿ21/5ಡಬ್ಲ್ಯು ಎಂಬ ಒಂದೇ ಬಲ್ಬ್. ಒಳಗೆ ಎರಡು ತಂತಿ: ಬ್ರೇಕಿಗೆ 21 ವಾಟ್, ಹಿಂದಿನ ದೀಪಕ್ಕೆ 5 ವಾಟ್. ಬುಡದ ಎರಡು ಗುಬುಟುಗಳಲ್ಲಿ ಒಂದು ಮೇಲೆ, ಇನ್ನೊಂದು ಕೆಳಗೆ. ಒಂಟಿ ತಂತಿಯ ಪಿ21ಡಬ್ಲ್ಯು ಬಲ್ಬಿನಲ್ಲಿ ಎರಡೂ ಸಮ. ಅದನ್ನು ಒತ್ತಿ ತುರುಕಿದರೆ ಎರಡು ಲೈನ್‌ಗಳೂ ಕೂಡಿಕೊಂಡು ದೀಪಗಳು ಅಡ್ಡಾದಿಡ್ಡಿ ಉರಿಯುತ್ತವೆ. ಹಳೆಯ ಬಲ್ಬನ್ನೇ ಅಂಗಡಿಗೆ ಒಯ್ಯಿರಿ.

ಇಗ್ನಿಷನ್ ಆಫ್ ಮಾಡಿ, ಬಲ್ಬ್ ತಣಿಯಲಿ. ಡಿಕ್ಕಿ ತೆರೆದು ಲೈಟಿನ ಸ್ಕ್ರೂ ಬಿಚ್ಚಿ, ಹೋಲ್ಡರನ್ನು ಎಡಕ್ಕೆ ತಿರುಗಿಸಿ ತೆಗೆಯಿರಿ. ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಕಳಚುತ್ತದೆ. ನಮ್ಮ ಕಡಲಗಾಳಿಗೆ ಹೋಲ್ಡರಿನಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ; ನಯವಾದ ಉಪ್ಪುಕಾಗದದಿಂದ ಉಜ್ಜದಿದ್ದರೆ ಹೊಸ ಬಲ್ಬೂ ಮಂಕಾಗಿಯೇ ಉರಿಯುತ್ತದೆ. ಎರಡು ಕಡೆಯೂ ಉರಿಯದಿದ್ದರೆ ಮೊದಲು ಫ್ಯೂಸ್, ಆಮೇಲೆ ಪೆಡಲಿನ ಸ್ವಿಚ್ ನೋಡಿ.