ನುಗ್ಗಿ ಗಿಡದಾಗ ಮುಕ್ಕಣ್ಣ

ಅಕ್ಕನ ಮಗ ನಾಲ್ಕು ದಿನ ಗೋವಾಕ್ಕೆ ಹೋಗುವವನು, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಪಂಜರ ಇಳಿಸಿದ. “ಮಾಮಾ, ಹಸಿರು ಇಗ್ವಾನಾ. ದಕ್ಷಿಣ ಅಮೆರಿಕದ ಕಡೇದು. ಬರೇ ಸೊಪ್ಪು ತಿಂತದ. ಭಾಳ ಗರೀಬ.”

ಅವ್ವ ಇಣುಕಿ ನೋಡಿ, “ಉಡ ಅಲ್ಲೇನೋ ಇದು!” ಎಂದಳು.

ಅಲ್ಲ. ಅದಕ್ಕೆ ಕಾಗದಪತ್ರವೂ ಇದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥವನ್ನು ಸಾಕಲು ನೋಂದಣಿ ಬೇಕು. ನನ್ನ ಸ್ಕೂಟರಿನ ಇನ್ಶೂರೆನ್ಸ್ ಮುಗಿದು ವರ್ಷವಾಯಿತು, ಆ ಮಾತು ಬೇರೆ.

ಬಾಲ ಸೇರಿ ಮೂರಡಿ ಉದ್ದ. ಬೆನ್ನ ಮೇಲೆ ಬಾಚಣಿಗೆ ಹಲ್ಲು, ಗದ್ದದ ಕೆಳಗೆ ಜೋಲುವ ಚರ್ಮ, ಕೆನ್ನೆಯಲ್ಲಿ ಅಂಗಿ ಗುಂಡಿಯಂಥ ಒಂದೇ ದುಂಡನೆಯ ಹುರುಪೆ. ನಡುನೆತ್ತಿಯಲ್ಲಿ ಸಾಸಿವೆಯಷ್ಟು ಮಾಸಲು ಚುಕ್ಕೆ. ಅದೇ ಮೂರನೇ ಕಣ್ಣು. ಅದಕ್ಕೆ ಆಕಾರ ಕಾಣದು, ಬೆಳಕು-ನೆರಳಷ್ಟೇ ತಿಳಿಯುತ್ತದೆ. ಮೇಲೆ ಹದ್ದಿನ ನೆರಳು ಸುಳಿದರೆ ಸಾಕು, ಓಟ.

ಬಂದಾಗಿನಿಂದ ಒಂದೇ ಸಮ ಸೀನು. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ನೆಗಡಿಯೇ ಎಂದು ಅವ್ವ ಶುಂಠಿ ಜಜ್ಜಿದಳು. ಫೋನ್ ಹಚ್ಚಿದರೆ ಅಳಿಯ ನಕ್ಕ: “ನೆಗಡಿ ಅಲ್ಲ ಮಾಮಾ, ಮೈಯಾಗ ಹೆಚ್ಚಾದ ಉಪ್ಪನ್ನ ಮೂಗಿನಿಂದ ಹೊರಗ ಹಾಕತದ.” ನನ್ನ ಕನ್ನಡಕದ ತುಂಬ ಬಿಳಿ ಪುಡಿ. ರುಚಿ ನೋಡಿದೆನೇ ಎಂದು ದಯಮಾಡಿ ಕೇಳಬೇಡಿ.

ಮೂರನೇ ದಿನ ಚುರುಕು ಬಿಸಿಲು ಬಿತ್ತು. ಪಂಜರ ತೊಳೆಯಲು ಬಾಗಿಲು ತೆಗೆದೆ. ಗರೀಬ ಪ್ರಾಣಿ ಕಿಟಕಿ ಹಾರಿ, ಹಿತ್ತಲ ನುಗ್ಗಿ ಗಿಡದ ತುದಿ ಸೇರಿತು. ನಾನೂ ಹತ್ತಿದೆ. ನುಗ್ಗಿ ಟೊಂಗೆಯನ್ನು ನಂಬಬಾರದೆಂದು ಊರ ಹುಡುಗರಿಗೆಲ್ಲ ಗೊತ್ತು; ಐವತ್ತು ದಾಟಿದವನಿಗೆ ಮರೆತಿತ್ತು. ಮೇಲಿನಿಂದ ಕೈ ಚಾಚಿದ್ದೇ ತಡ, ನನ್ನ ಕೈಯೇ ಹದ್ದಾಗಿ ಅದು ಜಿಗಿಯಿತು. ಟೊಂಗೆ ಲಟಕ್ಕೆಂದಿತು. ಇಗ್ವಾನಾ 40 ಅಡಿ ಮೇಲಿಂದ ಬಿದ್ದರೂ ಎದ್ದು ಓಡಬಲ್ಲದಂತೆ. ನಾನು 6 ಅಡಿಗೇ ಮಲಗಿದೆ.

ಕಣ್ಣು ಬಿಟ್ಟರೆ ಅದು ಅವ್ವನ ದಾಸವಾಳದ ಗಿಡದಲ್ಲಿ, ಪೂಜೆಯ ಹೂವನ್ನು ಒಂದೊಂದಾಗಿ ನುಂಗುತ್ತಿತ್ತು. ಅವ್ವ ಕಸಬರಿಗೆ ಎತ್ತಿದಳು.

“ಹೊಡಿಬ್ಯಾಡವ್ವ, ಅದಕ್ಕ ಮೂರನೇ ಕಣ್ಣು ಐತಿ!”

ಕಸಬರಿಗೆ ಕೆಳಗಿಳಿಯಿತು. “ಮೂರನೇ ಕಣ್ಣು? ಇವತ್ತ ಸೋಮವಾರ ಬ್ಯಾರೆ...”

ಬುಟ್ಟಿಯಲ್ಲಿದ್ದ ಹೂಗಳನ್ನು ಪಂಜರದ ತನಕ ಸಾಲಾಗಿ ಇಡುತ್ತ ಹೊರಟಳು. ಮುಕ್ಕಣ್ಣ ಸಾವಕಾಶ ಹಿಂಬಾಲಿಸಿದ.

“ಅವ್ವಾ, ನನ್ನ ಸೊಂಟಾ...”

“ಅಲ್ಲೇ ಬಿದ್ದಿರು. ಮೊದಲ ಇವಗ ಹೂವು ಏರಿಸಿ ಬರ್ತೀನಿ.”